ಸದ್ದು ಮಾತ್ರ ಒಳಗೆ

ಡೋಲು ಒಳಗೆ ಬರುವಂತಿಲ್ಲ ಅಂದರು. ಡೋಲಿನ ಸದ್ದು ಬರಬಹುದು ಅಂದರು. ಅದಕ್ಕೇ ನನ್ನನ್ನು ಕರೆಸಿದ್ದು.

ನಾನು ಸೌಂಡ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮೈಕು, ಸ್ಪೀಕರು, ವೈರು ಬಾಡಿಗೆಗೆ ಕೊಡುವ ಅಂಗಡಿ. ವ್ಯಾನಿನಿಂದ ಇಳಿಸುವುದು, ಹೊರುವುದು, ಜೋಡಿಸುವುದು, ಕಾರ್ಯಕ್ರಮ ಮುಗಿಯುವ ತನಕ ಪಕ್ಕದಲ್ಲಿ ಕೂರುವುದು, ಮತ್ತೆ ಬಿಚ್ಚಿ ಹೊತ್ತು ತರುವುದು. ಈ ಕೆಲಸಕ್ಕೆ ಹೆಂಗಸರು ಬರುವುದು ಕಡಿಮೆ. ಸ್ಪೀಕರು ಹೊತ್ತೂ ಹೊತ್ತೂ ಭುಜದ ಚರ್ಮ ಗಟ್ಟಿಯಾಗಿದೆ. ಚಿವುಟಿದರೆ ಗೊತ್ತಾಗುವುದಿಲ್ಲ. ದೊಡ್ಡ ಪೆಟ್ಟಿಗೆಗಳ ಪಕ್ಕ ನಿಂತು ಎಡಗಿವಿ ಅರ್ಧ ಹೋಗಿದೆ. ಮೊದಮೊದಲು ಬೇಜಾರಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಬೈಯುವವರ ಕಡೆಗೆ ಆ ಕಿವಿ ತಿರುಗಿಸಿ ನಿಲ್ಲುವುದನ್ನು ಕಲಿತೆ.

ಮನೆಯಲ್ಲಿ ನಾವು ಮೂವರು. ಅಪ್ಪ, ಅಪ್ಪನ ಅಣ್ಣ ಅಂದರೆ ನನ್ನ ದೊಡ್ಡಪ್ಪ, ಮತ್ತು ನಾನು. ಅಮ್ಮ ತೀರಿಕೊಂಡು ಬಹಳ ದಿನವಾಯಿತು. ದೊಡ್ಡಪ್ಪ ಮದುವೆಯಾಗಲೇ ಇಲ್ಲ. ಯಾಕೆ ಅಂತ ಕೇಳಿದರೆ, “ಡೋಲು ಹೊತ್ತಿದೀನಲ್ಲ, ಇನ್ನೊಂದನ್ನ ಹೊರೋಕೆ ಬೆನ್ನೆಲ್ಲಿದೆ?” ಅನ್ನುತ್ತಿದ್ದ. ಓಣಿಯವರು ಅವನನ್ನು ಗುಡುಗು ಅಂತ ಕರೆಯುತ್ತಿದ್ದರು. ಡೋಲಿಗೆ ಕೈ ಹಾಕಿದರೆ ಗುಡುಗೇ. ಮಾತು ಮಾತ್ರ ಮೆತ್ತಗೆ. ಅವನು ಕಾಫಿ ಕೇಳಿದ್ದು ನನಗೆ ಎರಡನೇ ಸಲ ಹೇಳಿದರೇ ಕೇಳುವುದು.

ಅಪ್ಪ ಪೀಪಿ ಊದುತ್ತಾನೆ. ಊದಿ ಊದಿ ಕೆನ್ನೆ ಜೋತುಬಿದ್ದಿದೆ. ಇವರಿಬ್ಬರ ಜೊತೆ ತಾಳ ಹಾಕುವವನು ಪಕ್ಕದ ಮನೆಯವನು. ನಾನು ಅವನನ್ನು ಅಣ್ಣ ಅನ್ನುತ್ತೇನೆ. ನಮ್ಮ ಓಣಿಯವರು ಸತ್ತವರ ಮುಂದೆ ಬಾರಿಸುವವರು. ಯಾರ ಮನೆಯಲ್ಲಿ ಸಾವಾದರೂ ಮೊದಲು ನಮಗೆ ಹೇಳಿ ಕಳಿಸುತ್ತಾರೆ. ಹೋಗಿ ಅಂಗಳದಲ್ಲಿ ನಿಲ್ಲಬೇಕು. ಹೊಸ್ತಿಲು ದಾಟಬಾರದು. ಹೆಣ ಎತ್ತಿ ಹೊರಟರೆ ಅದರ ಮುಂದೆ ನಾವು ನಡೆಯಬೇಕು. ವಾಪಸ್ ಬರುವಾಗ ನಾವು ನಡೆದ ದಾರಿಗೆ ನೀರು ಹಾಕುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ ಅಂತಲೇ ನಾನು ತಿಳಿದಿದ್ದೆ.

ಸೌಂಡ್ ಅಂಗಡಿಯ ಮಾಲೀಕರಿಗೆ ನಾನು ಯಾವ ಓಣಿಯವಳು ಅಂತ ಗೊತ್ತಿತ್ತು. ಕೆಟ್ಟವರಲ್ಲ. ಕೆಲಸಕ್ಕೆ ಸೇರಿಸಿಕೊಂಡ ದಿನವೇ ಹೇಳಿದ್ದರು: “ನಂಗೇನೂ ಇಲ್ಲಮ್ಮ. ಆದ್ರೆ ನಾವು ಹೋಗೋದು ದೊಡ್ಡ ದೊಡ್ಡೋರ ಮನೆ ಒಳಗೆ. ಯಾರಾದ್ರೂ ಕೇಳಿದ್ರೆ ಅಂಗಡಿ ಹಿಂದೆ ಇರ್ತೀನಿ ಅನ್ನು. ಮುಗೀತು.” ನಾನು ಹಾಗೇ ಅನ್ನುತ್ತಿದ್ದೆ. ಎಷ್ಟೋ ಮನೆಗಳ ನಡುಮನೆಯಲ್ಲಿ ನಿಂತಿದ್ದೇನೆ. ಅದೇ ಮನೆಗಳ ಅಂಗಳದಲ್ಲಿ ಅಪ್ಪ ನಿಂತಿರುತ್ತಿದ್ದ. ಬೇರೆ ಬೇರೆ ದಿನ.

ಒಂದೇ ದಿನ ಇಬ್ಬರೂ ನಿಂತಿದ್ದು ಸಂಗೀತ ಸಭೆಯ ಹೊಸ ಭವನದಲ್ಲಿ.

ಅದು ಆಗತಾನೇ ಕಟ್ಟಿ ಮುಗಿಸಿದ ಕಟ್ಟಡ. ಇನ್ನೂ ಬಣ್ಣದ ವಾಸನೆ ಹೋಗಿರಲಿಲ್ಲ. ಗೋಡೆಗೆ ಬಟ್ಟೆ ಹೊದಿಸಿದ್ದರು, ಹೊರಗಿನ ಸದ್ದು ಒಳಗೆ ಬಾರದ ಹಾಗೆ. ಹಿಂದುಗಡೆ ಪೂರ್ತಿ ಗಾಜು. ಅದಕ್ಕೂ ದಪ್ಪ ಪರದೆ. ವೇದಿಕೆಯ ಮೇಲೆ ಬ್ಯಾನರು. ‘ಮಣ್ಣಿನ ನಾದ’ ಅಂತ ದೊಡ್ಡದಾಗಿ, ಕೆಳಗೆ ‘ಅಳಿವಿನಂಚಿನ ಚರ್ಮವಾದ್ಯ ಹಾಗೂ ಸುಷಿರವಾದ್ಯಗಳ ನೇರ ಪ್ರಸ್ತುತಿ’ ಅಂತ. ಸುಷಿರವಾದ್ಯ ಅಂದರೆ ಅಪ್ಪನ ಪೀಪಿ ಅಂತ ಆಮೇಲೆ ತಿಳಿಯಿತು.

ಸಭೆಯ ಕಾರ್ಯದರ್ಶಿ ಎದುರು ಬಂದರು. ಇಸ್ತ್ರಿ ಮಾಡಿದ ಜುಬ್ಬಾ, ಒಳ್ಳೆಯ ಮಾತು.

“ನೋಡಮ್ಮ, ಕೇಳೋರೆಲ್ಲ ಇಲ್ಲಿ ಎ.ಸಿ.ಲಿ ಕೂತಿರ್ತಾರೆ. ವಾದ್ಯದೋರು ಹಿಂದ್ಗಡೆ ಅಂಗಳದಲ್ಲಿ. ಅಲ್ಲಿ ಬಾರಿಸಿದ್ದು ಇಲ್ಲಿ ಕೇಳಿಸ್ಬೇಕು. ಲೈವ್. ಆದ್ರೆ ಹದವಾಗಿ.”

“ವೇದಿಕೆ ಇದೆಯಲ್ಲ ಸಾರ್?”

“ವೇದಿಕೆ ಮರದ್ದು. ಮೊನ್ನೆ ಮೊನ್ನೆ ಪಾಲಿಶ್ ಹಾಕಿಸಿದೀವಿ. ಆ ಡೋಲನ್ನ ಒಳಗೆ ಬಾರಿಸಿದ್ರೆ ಗಾಜು ಉಳಿಯುತ್ತಾ?” ಅಂದು ನಕ್ಕರು. ಆಮೇಲೆ ದನಿ ತಗ್ಗಿಸಿದರು. “ಮತ್ತೆ... ಅದು ಎಲ್ಲಿ ಬಾರಿಸೋ ಡೋಲು ಅಂತ ಗೊತ್ತಲ್ಲ. ಹೊಸ ಕಟ್ಟಡ, ಮೊದಲನೇ ಕಾರ್ಯಕ್ರಮ. ನಮ್ಮ ಹಿರಿಯರು ಕೆಲವರು ಒಪ್ಪಲ್ಲ. ನಾನು ಅದನ್ನೆಲ್ಲ ನಂಬೋನಲ್ಲಪ್ಪ.”

“ಸರಿ ಸಾರ್” ಅಂದೆ.

ವ್ಯಾನಿನಿಂದ ಸ್ಪೀಕರು ಇಳಿಸಿದೆ. ಬ್ಯಾಟರಿ ಸ್ಪೀಕರುಗಳು. ಹಿಡಿಕೆ, ಚಕ್ರ ಎರಡೂ ಇರುತ್ತವೆ. ಆದರೆ ಪಾಲಿಶ್ ನೆಲದ ಮೇಲೆ ಚಕ್ರ ಉರುಳಿಸಬೇಡ ಅಂದರು. ಎತ್ತಿಕೊಂಡೇ ಹೋದೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟೆ. ವೇದಿಕೆಯ ಎರಡು ಮೂಲೆಗೆ ಎರಡು, ಹಿಂದಿನ ಸಾಲಿನವರಿಗೆ ಎರಡು. ಒಂದಕ್ಕೊಂದು ಕೂಡಿಸಿದೆ. ಎಲ್ಲವನ್ನೂ ಪಕ್ಕದ ಮೇಜಿನ ಮೇಲಿದ್ದ, ಸದ್ದು ಏರಿಳಿಸುವ ಮಿಕ್ಸರಿಗೆ ಕೊಟ್ಟೆ. ಹೊರಗಿನ ಮೈಕಿನಿಂದ ವೈರಿಲ್ಲದೆ ಸದ್ದು ಬಂದು ಮಿಕ್ಸರಿಗೆ ಸೇರಬೇಕು. ಗೋಡೆ ದಪ್ಪ ಇದ್ದುದರಿಂದ ಸದ್ದು ಮಧ್ಯೆ ಮಧ್ಯೆ ಕತ್ತರಿಸುವ ಹಾಗಿತ್ತು. ಅದನ್ನು ಹಿಡಿಯುವ ಪೆಟ್ಟಿಗೆಯನ್ನು ಗಾಜಿನ ಹತ್ತಿರ, ಪರದೆಯ ಹಿಂದೆ ಇಟ್ಟೆ. ಅಲ್ಲಿಂದಾದರೆ ಹಿಡಿಯುತ್ತದೆ. ಮೈ ಬೆವರಿ ಬಟ್ಟೆ ಬೆನ್ನಿಗೆ ಅಂಟಿತ್ತು. ಎ.ಸಿ. ಗಾಳಿ ತಾಗಿ ತಣ್ಣಗಾಯಿತು. ಇನ್ನೊಂದು ಸ್ಪೀಕರು ತರಲು ಹೋದರೆ ಮತ್ತೆ ಬೆವರು.

ಮೈಕು ನಿಲ್ಲಿಸಲು ಹಿಂದಿನ ಬಾಗಿಲಿನಿಂದ ಅಂಗಳಕ್ಕೆ ಹೋದೆ. ಬಾಗಿಲಲ್ಲಿ ಒಬ್ಬ ಕಾವಲಿನವನು. ಅಂಗಳ ಅಂದರೆ ಹೆಸರಿಗೆ. ಸಿಮೆಂಟು ನೆಲ. ಒಂದು ಕಡೆ ಎ.ಸಿ.ಯ ಹೊರಗಿನ ಪೆಟ್ಟಿಗೆಗಳು ಬಿಸಿಗಾಳಿ ಉಗುಳುತ್ತಿದ್ದವು. ಇನ್ನೊಂದು ಕಡೆ ಅಡುಗೆಯವರ ಬಾಗಿಲು, ಖಾಲಿ ಸಿಲಿಂಡರು. ಮರ ಇಲ್ಲ, ಚಪ್ಪರ ಇಲ್ಲ. ಮಧ್ಯದಲ್ಲಿ ಮೂರು ಪ್ಲಾಸ್ಟಿಕ್ ಕುರ್ಚಿ.

ಕುರ್ಚಿಯ ಮೇಲೆ ಅಪ್ಪ, ದೊಡ್ಡಪ್ಪ, ತಾಳದ ಅಣ್ಣ.

ಬೆಳಗ್ಗೆ ಈ ಮೂವರೂ ಒಟ್ಟಿಗೆ ಓಣಿಯಿಂದ ಹೊರಟಾಗ ಯಾವುದೋ ಸಭೆಯವರು ಸನ್ಮಾನಕ್ಕೆ ಕರೆದಿದ್ದಾರೆ ಅಂದಿದ್ದರು. ಯಾವ ಸಭೆ ಅಂತ ನಾನು ಕೇಳಿರಲಿಲ್ಲ. ಅಪ್ಪ ಹೊಸ ಅಂಗಿ ಹಾಕಿದ್ದ. ಹೊಸದು ಅಂದರೆ ನಾನು ಕೊಡಿಸಿ ಎಷ್ಟೋ ದಿನವಾಗಿತ್ತು, ಒಂದು ಸಲವೂ ಹಾಕಿರಲಿಲ್ಲ. ಮಡಿಕೆಯ ಗೆರೆ ಹಾಗೇ ಇತ್ತು.

ನಾನು ಮೈಕಿನ ಕಂಬ ಹಿಡಿದು ನಿಂತೆ. ಅಪ್ಪ ನನ್ನನ್ನು ನೋಡಿದ. ನನ್ನ ಹಿಂದೆ ನಿಂತ ಕಾವಲಿನವನನ್ನೂ ಕಾರ್ಯದರ್ಶಿಯನ್ನೂ ನೋಡಿದ. ಕುರ್ಚಿಯಿಂದ ಅರ್ಧ ಎದ್ದ.

“ಮೇಡಂ” ಅಂದ. “ಮೈಕು ಸ್ವಲ್ಪ ಕೆಳಗೆ ಇಡ್ತೀರಾ? ನಾನು ಬಗ್ಗಿ ಊದ್ತೀನಿ.”

ಕಂಬದ ತಿರುಪು ಬಿಚ್ಚಿ ಮೈಕು ಕೆಳಗಿಳಿಸಿದೆ. “ಇಷ್ಟು ಸಾಕಾ?” ಅಂದೆ. ಆ ‘ಸಾಕಾ’ ಮುಂದೆ ಏನೂ ಸೇರಿಸಲಿಲ್ಲ. ಅಪ್ಪ ಅಂತಲೂ ಅನ್ನಲಿಲ್ಲ, ಬೇರೆ ಏನೂ ಅನ್ನಲಿಲ್ಲ.

“ಸಾಕು ಮೇಡಂ. ನಿಮಗೆ ತೊಂದ್ರೆ.”

ದೊಡ್ಡಪ್ಪ ಡೋಲಿನ ಹಿಂದೆ ಮುಖ ಮರೆಸಿಕೊಂಡು ಕೆಮ್ಮಿದ. ಅದು ಕೆಮ್ಮಲ್ಲ, ನಗು ಅಂತ ನನಗೆ ಗೊತ್ತು. ಅವನ ಡೋಲಿಗೆ ಮೈಕು ಇಡಲು ಬಗ್ಗಿದಾಗ ತುಟಿ ಅಲ್ಲಾಡಿಸದೆ ಅಂದ: “ಮೇಡಂ, ಮಧ್ಯಾಹ್ನ ನಿಮ್ಮ ಮನೇಲಿ ಏನ್ ಸಾರು?”

ನಾನು ನಗಲಿಲ್ಲ. ಅವನ ಹಣೆ ನೋಡಿದೆ. ಆಗಲೇ ಬೆವರು ಸುರಿಯುತ್ತಿತ್ತು. ಬಿಸಿಲು ನೆತ್ತಿಯ ಮೇಲಿತ್ತು, ಎ.ಸಿ. ಪೆಟ್ಟಿಗೆಯ ಬಿಸಿಗಾಳಿ ನೇರ ಅವನ ಮುಖಕ್ಕೆ ಹೊಡೆಯುತ್ತಿತ್ತು.

“ಸಾರ್, ಕುರ್ಚಿ ಆ ಕಡೆ ಗೋಡೆ ನೆರಳಿಗೆ ಹಾಕಬಹುದಾ?” ಅಂತ ಕಾರ್ಯದರ್ಶಿಯನ್ನು ಕೇಳಿದೆ.

“ಅದು ಅಡುಗೆಯೋರು ಓಡಾಡೋ ಜಾಗ. ಆಗಲ್ಲಮ್ಮ. ಇವರಿಗೆ ಬಿಸಿಲು ಹೊಸದಾ?” ಅಂದು ಅಪ್ಪನ ಕಡೆ ತಿರುಗಿದರು. “ಏನಯ್ಯ?”

“ಏನಿಲ್ಲ ಸಾರ್. ನಮಗೆ ರೂಢಿ” ಅಂದ ಅಪ್ಪ.

“ನಾನು ಶುರು ಅಂದಾಗ ಶುರು ಮಾಡಿ. ನಿಲ್ಲಿಸಿ ಅನ್ನೋ ತನಕ ನಿಲ್ಲಿಸ್ಬೇಡಿ. ಮಧ್ಯೆ ನಿಂತ್ರೆ ಒಳಗೆ ಅಭಾಸ ಆಗುತ್ತೆ.”

“ಆಗಲಿ ಸಾರ್.”

ನಾನು ಒಳಗೆ ಬಂದು ಮಿಕ್ಸರಿನ ಮುಂದೆ ಕೂತೆ. ಹಿಂದೆ ಬಾಗಿಲು ಮುಚ್ಚಿತು. ಆ ಬಾಗಿಲು ಒಳಗಿನಿಂದ ಮಾತ್ರ ತೆಗೆಯುವಂಥದ್ದು.

ಜನ ಬಂದು ತುಂಬಿದರು. ರೇಷ್ಮೆ, ಸೆಂಟು, ನಮಸ್ಕಾರ. ಕಾರ್ಯದರ್ಶಿ ಹಿಂದಿನ ಬಾಗಿಲು ತೆರೆದು ಹೊರಗೆ ಕೈ ಬೀಸಿ, ಮತ್ತೆ ಮುಚ್ಚಿ ಬಂದರು. ಮಿಕ್ಸರಿನ ಮೇಲಿನ ಪುಟ್ಟ ದೀಪಗಳು ಮೊದಲು ಎದ್ದವು, ಆಮೇಲೆ ಸದ್ದು. ದೊಡ್ಡಪ್ಪನ ಕೈ. ಹೆಣದ ಮುಂದೆ ಬಾರಿಸುವ ಹೆಜ್ಜೆಯ ಗತ್ತಲ್ಲ ಅದು. ನಾನು ಚಿಕ್ಕವಳಿದ್ದಾಗ ಮನೆಯ ಮುಂದೆ ಕೂತು ನನಗಾಗಿ ಬಾರಿಸುತ್ತಿದ್ದ ಗತ್ತು. ಸನ್ಮಾನ ಅಂತ ಕರೆದಿದ್ದಾರೆ, ಒಳ್ಳೆಯದನ್ನು ಬಾರಿಸೋಣ ಅಂದುಕೊಂಡಿರಬೇಕು. ಅದರ ಮೇಲೆ ಅಪ್ಪನ ಪೀಪಿ ಹತ್ತಿತು.

ಮುಂದಿನ ಸಾಲಿನ ಒಬ್ಬ ಹಿರಿಯರು ಕಿವಿಗೆ ಬೆರಳಿಟ್ಟರು. ಕಾರ್ಯದರ್ಶಿ ನನಗೆ ಕೈಸನ್ನೆ ಮಾಡಿದರು, ತಗ್ಗಿಸು. ತಗ್ಗಿಸಿದೆ. ಇನ್ನೂ ಅಂದರು. ಇನ್ನೂ ತಗ್ಗಿಸಿದೆ. ಸ್ಪೀಕರಿನಿಂದ ಬರುತ್ತಿದ್ದುದು ಈಗ ಪಕ್ಕದ ಬೀದಿಯಲ್ಲಿ ಯಾರೋ ಬಾರಿಸಿದ ಹಾಗಿತ್ತು. ನನ್ನ ಹತ್ತಿರ ಕೂತಿದ್ದ ಹೆಂಗಸು ಕಣ್ಣು ಮುಚ್ಚಿ ತನ್ನ ಗೆಳತಿಗೆ ಹೇಳಿದಳು: “ಎಷ್ಟು ಹಿತವಾಗಿದೆ ಅಲ್ವಾ? ಇವರನ್ನೆಲ್ಲ ನಾವು ಉಳಿಸ್ಕೋಬೇಕು ಕಣೇ.”

ಆಮೇಲೆ ಭಾಷಣ. ಸಭೆಯ ಅಧ್ಯಕ್ಷರು ಮಾತಿಗೆ ಎದ್ದರು. ಕಾರ್ಯದರ್ಶಿ ನೇರ ನನ್ನ ಮೇಜಿಗೆ ಬಂದು ತಾವೇ ಬೆರಳು ಹಾಕಿ ಹೊರಗಿನ ಎರಡೂ ಮೈಕಿಗೆ ಒಂದೇ ಇದ್ದ ಗುಂಡಿಯನ್ನು ಪೂರ್ತಿ ಸೊನ್ನೆಗೆ ತಿರುಗಿಸಿದರು.

“ಅವರಿಗೆ ನಿಲ್ಲಿಸೋಕೆ ಹೇಳ್ಲಾ ಸಾರ್?” ಅಂತ ಪಿಸುಗುಟ್ಟಿದೆ.

“ಬೇಡ ಬೇಡ. ಮಧ್ಯೆ ಮಧ್ಯೆ ನಾನು ಸನ್ನೆ ಮಾಡ್ತೀನಿ, ಆಗ ಸ್ವಲ್ಪ ಎತ್ತು. ಮಾತಿನ ನಡುವೆ ಒಂದೊಂದು ತುಣುಕು ಬಂದ್ರೆ ಚೆನ್ನಾಗಿರುತ್ತೆ. ಅವರು ಬಾರಿಸ್ತಾ ಇರ್ಲಿ.”

ಅಧ್ಯಕ್ಷರು ಮಾತಾಡಿದರು. ನಾದ, ನೆಲ, ಬೆವರು ಅಂದರು. ಶ್ರಮಿಕರ ಎದೆಬಡಿತ ಅಂದರು. ಚಪ್ಪಾಳೆ ಬಿತ್ತು. ಅವರಾದ ಮೇಲೆ ಇನ್ನೊಬ್ಬರು. ಆಮೇಲೆ ಒಬ್ಬ ಪ್ರೊಫೆಸರು. ಕಾರ್ಯದರ್ಶಿ ಸನ್ನೆ ಮಾಡುವುದನ್ನೇ ಮರೆತರು. ಮುಂದಿನ ಸಾಲಿನ ಅತಿಥಿಗಳ ಫೋಟೋ ತೆಗೆಸುತ್ತ ಓಡಾಡುತ್ತಿದ್ದರು. ತಟ್ಟೆಗಳಲ್ಲಿ ತಣ್ಣನೆಯ ಪಾನಕದ ಲೋಟಗಳು ಬಂದವು.

ನಾನು ದೀಪಗಳನ್ನು ನೋಡುತ್ತ ಕೂತೆ. ಗುಂಡಿ ಸೊನ್ನೆಯಲ್ಲಿದ್ದರೂ ಹೊರಗಿನ ಮೈಕಿಗೆ ಸದ್ದು ಬಿದ್ದರೆ ಆ ದೀಪಗಳು ಕುಣಿಯುತ್ತವೆ. ಎರಡು ಸಾಲು. ಒಂದು ಡೋಲಿನದು, ಒಂದು ಪೀಪಿಯದು. ಹಸಿರು ಏರುತ್ತಿತ್ತು, ಹಳದಿ ಮುಟ್ಟುತ್ತಿತ್ತು, ಕೆಂಪಿಗೆ ಹೋಗಿ ಬೀಳುತ್ತಿತ್ತು. ಅವರು ಗಂಟಲು ಹರಿಯುವ ಹಾಗೆ, ಭುಜ ಕಳಚುವ ಹಾಗೆ ಬಾರಿಸುತ್ತಿದ್ದರು. ಒಳಗೆ ಜನ ಕೇಳುತ್ತಿದ್ದಾರೆ ಅಂತ ನಂಬಿ ಬಾರಿಸುತ್ತಿದ್ದರು. ಒಳಗೆ ಲೋಟದ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಸಿಟ್ಟು ಬಂತಾ ಅಂತ ಆಮೇಲೆ ಬಹಳ ಜನ ನನ್ನನ್ನು ಕೇಳಿದರು. ಇಲ್ಲ. ಏನೂ ಬರಲಿಲ್ಲ. ಭುಜದ ಚರ್ಮದ ಹಾಗೆ ಒಳಗೂ ಏನೋ ಗಟ್ಟಿಯಾಗಿತ್ತು. ಕೈ ಮೇಜಿನ ಮೇಲಿತ್ತು. ಅದು ನನ್ನ ಕೈ ಅಂತ ಅನ್ನಿಸುತ್ತಿರಲಿಲ್ಲ.

ಡೋಲಿನ ದೀಪ ಒಮ್ಮೆ ತಡವರಿಸಿತು. ಮತ್ತೆ ಎದ್ದಿತು. ಮತ್ತೆ ತಡವರಿಸಿತು. ಒಂದು ಸಲ ಉದ್ದಕ್ಕೆ ಕೆಂಪಾಗಿ ನಿಂತು, ಪೂರ್ತಿ ಆರಿತು. ಸ್ವಲ್ಪ ಹೊತ್ತಿಗೆ ಪೀಪಿಯ ಸಾಲೂ ಆರಿತು.

ನಿಲ್ಲಿಸಿದರು ಅಂದುಕೊಂಡೆ. ಒಳ್ಳೆಯದಾಯಿತು ಅಂದುಕೊಂಡೆ. ನೀರು ಕುಡಿಯಲಿ ಪಾಪ.

ಆಮೇಲೆ ಪೀಪಿಯ ದೀಪ ಮತ್ತೆ ಅಲ್ಲಾಡಿತು. ಸ್ವಲ್ಪವೇ. ಹಸಿರಿನ ಕೆಳಗೇ. ನಿಂತಿತು. ಮತ್ತೆ ಅಲ್ಲಾಡಿತು. ಅದು ಪೀಪಿಯಲ್ಲ. ಅದು ಮಾತು. ಯಾರೋ ಮೈಕಿನ ಹತ್ತಿರ ಬಂದು ಮಾತಾಡುತ್ತಿದ್ದರು.

ನಾನು ಗುಂಡಿ ತಿರುಗಿಸಿದೆ. ಪೂರ್ತಿ.

ನಾಲ್ಕೂ ಸ್ಪೀಕರಿನಿಂದ ಅಪ್ಪನ ದನಿ ಬಂತು. ಪ್ರೊಫೆಸರರ ಮಾತು ಅದರ ಅಡಿಯಲ್ಲಿ ಮುಳುಗಿ ಹೋಯಿತು.

“...ಸಾರ್. ಒಳಗೆ ಯಾರಾದ್ರೂ ಇದ್ದೀರಾ ಸಾರ್? ನಮ್ಮಣ್ಣ ಬಿದ್ದವ್ರೆ. ಎದ್ದೇಳ್ತಿಲ್ಲ. ಒಂಚೂರು ನೀರು ಬೇಕಿತ್ತು. ಬಾಗಿಲು ಬಡಿದ್ವಿ, ತೆಗೀತಿಲ್ಲ. ಕಾರ್ಯಕ್ರಮದ ಮಧ್ಯೆ ನಿಲ್ಲಿಸಿದ್ದಕ್ಕೆ ತಪ್ಪು ತಿಳ್ಕೋಬೇಡಿ ಸಾರ್. ನೀರು ಕೊಟ್ರೆ ಮತ್ತೆ ಶುರು ಮಾಡ್ತೀವಿ...”

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಇದೂ ಪ್ರಸ್ತುತಿಯ ಭಾಗ ಅಂದುಕೊಂಡಿರಬೇಕು. ಪಕ್ಕದವರು ನೋಡಿದ ಮೇಲೆ ನಿಲ್ಲಿಸಿದರು.

ಕಾರ್ಯದರ್ಶಿ ಓಡಿ ಬಂದರು. “ಆಫ್ ಮಾಡು. ಏನಿದು? ಆಫ್ ಮಾಡು ಮೊದಲು!”

ನಾನು ಮಾಡಲಿಲ್ಲ. ಅವರೇ ಗುಂಡಿಗೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದೆ. ಗಟ್ಟಿಯಾಗಿ ಹಿಡಿದೆ. ಸ್ಪೀಕರು ಹೊರುವ ಕೈ ಅದು.

“ಮುಟ್ಬೇಡಿ” ಅಂದೆ. “ಅದು ನಮ್ಮಪ್ಪ.”

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಸ್ಪೀಕರಿನ ಕಡೆ ನೋಡಿದರು, ನನ್ನ ಮುಖ ನೋಡಿದರು, ಮಣಿಕಟ್ಟಿನ ಮೇಲಿದ್ದ ನನ್ನ ಬೆರಳು ನೋಡಿದರು. ಆಮೇಲೆ ಅರ್ಥವಾಯಿತು. ಕೈ ಕಿತ್ತುಕೊಂಡರು. ಕಿತ್ತುಕೊಂಡು, ಇಸ್ತ್ರಿಯ ಜುಬ್ಬಾಕ್ಕೆ ಒರೆಸಿಕೊಂಡರು. ನಂಬುವವನಲ್ಲ ಅಂದವರು ಒಂದು ಸಲ ಒರೆಸಿ, ಸಾಲದು ಅಂತ ಇನ್ನೊಂದು ಸಲ ಒರೆಸಿಕೊಂಡರು.

ನಾನು ಎದ್ದೆ. ಸ್ಪೀಕರುಗಳನ್ನು ಹಾಗೇ ಬಿಟ್ಟೆ. ಹಿಂದಿನ ಬಾಗಿಲು ತೆಗೆದು ಹೊರಗೆ ಹೋದೆ.

ಬಿಸಿಲು ಮುಖಕ್ಕೆ ಹೊಡೆಯಿತು. ಡೋಲು ಒಂದು ಕಡೆ ಮಗುಚಿತ್ತು. ದೊಡ್ಡಪ್ಪ ಸಿಮೆಂಟಿನ ಮೇಲೆ ಅಂಗಾತ ಬಿದ್ದಿದ್ದ. ಬಾಯಿಯ ಒಂದು ಕಡೆ ಕೆಳಗೆ ಜಾರಿತ್ತು. ಕಣ್ಣು ತೆರೆದೇ ಇತ್ತು. ತಾಳದ ಅಣ್ಣ ಅಡುಗೆಯವರ ಬಾಗಿಲಲ್ಲಿ ಕೈಮುಗಿದು ನಿಂತಿದ್ದ. ಒಳಗಿನಿಂದ ಯಾರೋ, “ಈ ಪಾತ್ರೆ ಅತಿಥಿಗಳದ್ದು ಕಣಯ್ಯ, ಮುಂದ್ಗಡೆ ಕೇಳು, ಮುಂದ್ಗಡೆ” ಅನ್ನುತ್ತಿದ್ದರು. ಕಾವಲಿನವನು ಅಣ್ಣನ ಪಕ್ಕ ನಿಂತು, “ಒಳಗೆ ಬಿಡಬಾರದು ಅಂದಿದ್ದಾರೆ ನಂಗೆ. ನಾನೇನ್ ಮಾಡ್ಲಿ?” ಅಂತ ಗಾಳಿಗೆ ಹೇಳುತ್ತಿದ್ದ.

ಅಪ್ಪ ಮೈಕಿನ ಮುಂದೆ ಬಗ್ಗಿ ನಿಂತೇ ಇದ್ದ. ಊದಿ ತುಟಿ ಒಡೆದು ಗಲ್ಲದ ಮೇಲೆ ರಕ್ತ ಒಣಗಿತ್ತು. ನನ್ನನ್ನು ನೋಡಿದ. ನನ್ನ ಹಿಂದೆ ತೆರೆದ ಬಾಗಿಲಲ್ಲಿ ಬಂದು ನಿಂತ ಕಾರ್ಯದರ್ಶಿಯನ್ನು ನೋಡಿದ.

“ಮೇಡಂ” ಅಂದ. “ಮೇಡಂ, ಸ್ವಲ್ಪ ನೀರು ಸಿಗುತ್ತಾ ನೋಡ್ತೀರಾ?”

ಒಡಹುಟ್ಟಿದವನು ನೆಲದ ಮೇಲೆ ಬಿದ್ದಿದ್ದಾನೆ. ತನ್ನ ತುಟಿಯಲ್ಲಿ ರಕ್ತ. ಆಗಲೂ ಅಪ್ಪ ನನ್ನ ಕೆಲಸ ಉಳಿಸುತ್ತಿದ್ದ.

“ಅಪ್ಪಾ” ಅಂದೆ. ಜೋರಾಗಿ ಅಂದೆ. ಮೈಕು ಎದುರಿಗೇ ಇತ್ತು. ಒಳಗಿನ ನಾಲ್ಕು ಸ್ಪೀಕರಿನಲ್ಲಿ ನನ್ನ ದನಿ ನನಗೇ ಕೇಳಿಸಿತು. “ಅಪ್ಪಾ, ಸಾಕು. ಮೇಡಂ ಅನ್ಬೇಡ. ನಾನು ನಿನ್ನ ಮಗಳು. ದೊಡ್ಡಪ್ಪನ ಕಾಲು ಹಿಡ್ಕೋ. ಎತ್ತೋಣ.”

ಅಪ್ಪ ಗಾಬರಿಯಿಂದ ಮೈಕನ್ನು ಅಂಗೈಯಲ್ಲಿ ಮುಚ್ಚಲು ಹೋದ. “ಬೇಡ ಮಗಳೇ, ಕೇಳಿಸುತ್ತೆ.”

“ಕೇಳ್ಲಿ. ಕೇಳೋಕೇ ಬಂದು ಕೂತಿದಾರೆ.”

ಮಿಕ್ಕಿದ್ದೆಲ್ಲ ಮೈಕಿನಲ್ಲೇ ಆಯಿತು. ದೊಡ್ಡಪ್ಪನ ಗಂಟಲಿನ ಗೊರಗೊರ ಅದಕ್ಕೆ ಬಿತ್ತು. ತಾಳದ ಅಣ್ಣ ಅತ್ತಿದ್ದು ಬಿತ್ತು. “ಒಂದು ಕೈ ಹಿಡೀರಿ” ಅಂತ ನಾನು ಕಾವಲಿನವನನ್ನು ಕೇಳಿದ್ದು, ಅವನು ಹಿಂದೆ ಸರಿದ ಬೂಟಿನ ಸದ್ದು, ಎತ್ತುವಾಗ ಅಪ್ಪ ನರಳಿದ್ದು, ಎಲ್ಲ ಆ ಬಟ್ಟೆ ಹೊದಿಸಿದ ಗೋಡೆಗಳ ಒಳಗೆ ಹೋಯಿತು. ಯಾರೋ ಪರದೆ ಸರಿಸಿದರು. ಗಾಜಿನ ಹಿಂದೆ ಮುಖಗಳು ಸಾಲಾಗಿ ನಿಂತಿದ್ದವು. ಒಬ್ಬರೂ ಹೊರಗೆ ಕಾಲಿಡಲಿಲ್ಲ. ಕೊನೆಗೆ ಒಬ್ಬಳು ಬಂದಳು. ನನ್ನ ಪಕ್ಕ ಕೂತು ಉಳಿಸಿಕೊಳ್ಳಬೇಕು ಅಂದಿದ್ದವಳೇ. ಕೈಯಲ್ಲಿ ನೀರಿನ ಬಾಟಲಿ. ನಮ್ಮಿಂದ ಅಷ್ಟು ದೂರದಲ್ಲಿ ಅದನ್ನು ನೆಲದ ಮೇಲಿಟ್ಟು ಹಿಂದಕ್ಕೆ ನಡೆದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಕಟ್ಟಿಕೊಂಡು ನಾನೇನು ಮಾಡಲಿ? ಬಾಟಲಿ ತೆಗೆದುಕೊಂಡೆ.

ಅಂಗಡಿಯ ವ್ಯಾನಿನಲ್ಲಿ ಸ್ಪೀಕರಿನ ಖಾಲಿ ಪೆಟ್ಟಿಗೆಗಳ ನಡುವೆ ದೊಡ್ಡಪ್ಪನನ್ನು ಮಲಗಿಸಿ ನಾನೇ ಓಡಿಸಿದೆ. ಅವನ ಕೈ ಪೆಟ್ಟಿಗೆಯ ಅಂಚಿಗೆ ಬಡಿಯುತ್ತಲೇ ಇತ್ತು. ಗತ್ತೇ ಇಲ್ಲದೆ.

ಸರಕಾರಿ ಆಸ್ಪತ್ರೆಯಲ್ಲಿ ಉಳಿಸಿದರು. ಬಲಭಾಗ ಪೂರ್ತಿ ಹೋಯಿತು. ಕಾಲು, ಕೈ, ಅರ್ಧ ಮುಖ. ಬಲಗೈ ಅಂದರೆ ಕೋಲು ಹಿಡಿಯುವ ಕೈ. ಇನ್ನೂ ಬೇಗ ತಂದಿದ್ದರೆ ಅಂತ ಡಾಕ್ಟರು ಏನೋ ಹೇಳಲು ಹೋಗಿ, ನಮ್ಮ ಮುಖ ನೋಡಿ ನಿಲ್ಲಿಸಿದರು. ಅಪ್ಪ ಆಸ್ಪತ್ರೆಯ ಗೋಡೆಗೆ ಒರಗಿ ಕೂತಿದ್ದ. ಬಹಳ ಹೊತ್ತಿನ ಮೇಲೆ, “ನಿನ್ನ ಕೆಲಸ ಹೋಯ್ತಲ್ಲೇ” ಅಂದ.

ಹೋಯಿತು. ಮಾಲೀಕರು ಆಸ್ಪತ್ರೆಗೇ ಬಂದರು. ಬಾಳೆಹಣ್ಣು ತಂದಿದ್ದರು. ಹಾಸಿಗೆಯ ಹತ್ತಿರ ಬಂದು ದೊಡ್ಡಪ್ಪನ ಕಾಲು ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಹೊರಗೆ ಕರೆದು ನೆಲ ನೋಡುತ್ತ ಹೇಳಿದರು: “ನಿನ್ನ ಕೆಲ್ಸದ ಬಗ್ಗೆ ಎರಡು ಮಾತಿಲ್ಲಮ್ಮ. ಆದ್ರೆ ಊರಿಗೆಲ್ಲ ಗೊತ್ತಾಗಿದೆ. ಇನ್ನು ಯಾರೂ ನಿನ್ನ ಒಳಗೆ ಬಿಡಲ್ಲ. ನಾನೂ ಹೊಟ್ಟೆಪಾಡಿನೋನು.”

“ಸರಿ” ಅಂದೆ.

ಊರಿಗೆಲ್ಲ ಗೊತ್ತಾಗಿದ್ದು ಹೇಗೆ ಅಂದರೆ, ಭವನದ ಒಳಗೆ ಯಾರೋ ಮೊಬೈಲಿನಲ್ಲಿ ಹಿಡಿದಿದ್ದರಂತೆ. ಚಿತ್ರದಲ್ಲಿ ಬರೀ ಖಾಲಿ ವೇದಿಕೆ, ಬ್ಯಾನರು, ಒಂದು ಸ್ಪೀಕರು. ಅದರೊಳಗಿನಿಂದ ಅಪ್ಪ ನೀರು ಕೇಳುವ ದನಿ. ಅದು ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಓಣಿಯವರೂ ನೋಡಿದರು. ನನಗೆ ತೋರಿಸಲು ಬಂದವರಿಗೆ ಬೇಡ ಅಂದೆ.

ದೊಡ್ಡಪ್ಪನನ್ನು ಮನೆಗೆ ತಂದೆವು. ನಮ್ಮದು ಒಂದೇ ಕೋಣೆ, ಹಿಂದೆ ಒಲೆಯ ಜಾಗ. ಗಾಳಿ ಬರಲಿ ಅಂತ ಬಾಗಿಲ ಪಕ್ಕ ಮಂಚ ಹಾಕಿದೆವು. ಉಣಿಸಬೇಕು, ಒರೆಸಬೇಕು, ಬಟ್ಟೆ ಬದಲಾಯಿಸಬೇಕು. ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ತಿರುಗಿಸಬೇಕು. ಅಪ್ಪ ಒಂದು ಕಡೆ, ನಾನು ಒಂದು ಕಡೆ. ದೊಡ್ಡಪ್ಪನಿಗೆ ಮಾತು ಹೊರಡುತ್ತಿರಲಿಲ್ಲ. ಗಂಜಿ ಬಾಯಿಯ ಜೋತುಬಿದ್ದ ಕಡೆಯಿಂದ ಹೊರಗೆ ಬರುತ್ತಿತ್ತು. ಒರೆಸಿ ಮತ್ತೆ ಹಾಕುತ್ತಿದ್ದೆ. ಒಂದು ದಿನ ಮೂರನೇ ಸಲ ಒರೆಸುವಾಗ ಅವನು ಒಳ್ಳೆಯ ಕಡೆಯ ತುಟಿಯಿಂದ ಏನೋ ಅಂದ. ಕಿವಿ ಹತ್ತಿರ ತಂದೆ. “ಮೇ...ಡಂ” ಅಂದ. ಒಂದೇ ಕಣ್ಣಿನಲ್ಲಿ ನಕ್ಕ. ಆಗಲೂ ನನಗೆ ಅಳು ಬರಲಿಲ್ಲ. ಇನ್ನೊಂದು ಚಮಚ ಹಾಕಿದೆ.

ಕಾರ್ಯದರ್ಶಿ ಬಂದಿದ್ದು ಅದಾದ ಕೆಲವು ದಿನಕ್ಕೆ. ನಮ್ಮ ಓಣಿಗೆ ಕಾರು ಬರುವುದಿಲ್ಲ. ಮುಖ್ಯರಸ್ತೆಯಲ್ಲಿ ನಿಲ್ಲಿಸಿ ಚರಂಡಿಯ ಮೇಲಿನ ಕಲ್ಲು ದಾಟಿ ನಡೆದು ಬಂದರು. ಜೊತೆಗೆ ಕ್ಯಾಮೆರಾದವನು. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತು ನೋಡಿದರು. ತಾಳದ ಅಣ್ಣ ತನ್ನ ಕಟ್ಟೆಯ ಮೇಲಿಂದ ಎದ್ದು ಬಂದ.

ಕಾರ್ಯದರ್ಶಿ ಹೊಸ್ತಿಲ ಹತ್ತಿರ ನಿಂತರು. ಯಾರೂ ಬನ್ನಿ ಅನ್ನಲಿಲ್ಲ. ಅವರೂ ಒಳಗೆ ಬರಲಿಲ್ಲ.

“ಹೇಗಿದ್ದಾರೆ ಯಜಮಾನ್ರು?” ಅಂದರು. ಹೊಸದಾಗಿ ಬಹುವಚನ ಬಂದಿತ್ತು. “ನಮಗೆಲ್ಲ ಬಹಳ ನೋವಾಗಿದೆ. ಇಡೀ ಸಭೆಗೇ ನೋವಾಗಿದೆ.”

ಅಪ್ಪ ದೊಡ್ಡಪ್ಪನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದ. ಹಚ್ಚುತ್ತಲೇ ಇದ್ದ.

“ಮುಂದಿನ ವಾರ ಒಂದು ವಿಶೇಷ ಕಾರ್ಯಕ್ರಮ ಇಟ್ಕೊಂಡಿದೀವಿ. ಈ ಸಲ ಒಳಗೆ. ವೇದಿಕೆ ಮೇಲೆ. ಎಲ್ಲ ಹಿರಿಯರನ್ನೂ ಒಪ್ಪಿಸಿದೀನಿ. ನೀವು ಬಂದು ಊದ್ಬೇಕು. ಆಮೇಲೆ ಎರಡೇ ಎರಡು ಮಾತು. ಅವತ್ತು ಏನೋ ಅಚಾತುರ್ಯ ಆಯ್ತು, ಸಭೆಯವರು ಕೂಡ್ಲೇ ನೀರು ಕೊಟ್ರು, ಗಾಡಿ ಮಾಡಿ ಕಳಿಸಿದ್ರು ಅಂತ. ಜನ ಏನೇನೋ ಹಬ್ಬಿಸ್ತಿದಾರೆ. ನಿಮಗೂ ಅದು ಶೋಭೆ ಅಲ್ಲ.”

ನಾನು ಬಾಯಿ ತೆರೆದೆ. ಅಪ್ಪ ಎಣ್ಣೆಯ ಕೈಯನ್ನು ಸ್ವಲ್ಪ ಎತ್ತಿದ, ನೀನು ಸುಮ್ಮನಿರು ಅನ್ನುವ ಹಾಗೆ. ಅಪ್ಪ ಯಾರಿಗೂ ಇಲ್ಲ ಅಂದದ್ದನ್ನು ನಾನು ನೋಡಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಕರೆದರೂ ಹೋಗುತ್ತಿದ್ದ. ಜ್ವರದಲ್ಲೂ ಊದುತ್ತಿದ್ದ. ‘ಆಗಲಿ ಸಾರ್’ ಅನ್ನುವುದು ಅವನಿಗೆ ಉಸಿರಿನ ಹಾಗೆ.

“ಆಗಲ್ಲ” ಅಂದ ಅಪ್ಪ.

ಕಾರ್ಯದರ್ಶಿಗೆ ಸರಿಯಾಗಿ ಕೇಳಿಸಲಿಲ್ಲ ಅನ್ನಿಸುತ್ತದೆ. “ಮುಂದಿನ ವಾರ ಬೇಡ ಅಂದ್ರೆ ಅದರ ಮುಂದಿನ ವಾರ ಇಟ್ಕೊಳ್ಳೋಣ.”

“ಆಗಲ್ಲ.”

“ಯಾಕೆ? ಏನು ಬೇಕು ಹೇಳಿ. ಮಗಳಿಗೆ ಕೆಲ್ಸ ಬೇಕಾ? ನಮ್ಮ ಭವನದಲ್ಲೇ ನೋಡೋಣ.”

ಅಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ. ಬೈಯಲಿಲ್ಲ. ಅವರ ಮುಖವನ್ನೂ ನೋಡಲಿಲ್ಲ. ದೊಡ್ಡಪ್ಪನ ಸತ್ತ ಕಾಲಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನಡುವೆ ಎಣ್ಣೆ ಹಚ್ಚಿದ.

ಕಾರ್ಯದರ್ಶಿ ತಾಳದ ಅಣ್ಣನ ಕಡೆ ತಿರುಗಿದರು. “ನೀನಾದ್ರೂ ಹೇಳಯ್ಯ. ಓಣೀಲಿ ಇನ್ನೂ ಊದೋರು ಇರ್ತಾರಲ್ಲ. ಯಾರಾದ್ರೂ ಬರ್ಲಿ.”

ಅಣ್ಣ ಓಣಿಯ ಕಡೆ ನೋಡಿದ. ಬಾಗಿಲುಗಳಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಅಣ್ಣನೂ ಹೋಗಿ ತನ್ನ ಬಾಗಿಲು ಮುಂದೆ ಮಾಡಿಕೊಂಡ.

ಕ್ಯಾಮೆರಾದವನು ಯಾವುದನ್ನು ಹಿಡಿಯಬೇಕು ಅಂತ ತಿಳಿಯದೆ ಕ್ಯಾಮೆರಾ ಇಳಿಸಿದ. ಕಾರ್ಯದರ್ಶಿ ಶಾಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಬಿಸಿಲಿಗೆ ಅವರ ಕತ್ತು ಬೆವರಿತ್ತು. ಹಣ್ಣಿನ ಬುಟ್ಟಿಯನ್ನು ಹೊಸ್ತಿಲ ಮೇಲೆ ಇಡಲು ಬಗ್ಗಿದರು.

“ಅದನ್ನೂ ತಗೊಂಡ್ ಹೋಗಿ” ಅಂದೆ.

ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಇನ್ನೂ ಏನೋ ಹೇಳುತ್ತಿದ್ದರು. ನನ್ನ ಎಡಗಿವಿ ಆ ಕಡೆಗಿತ್ತು.

“ಹಿಡ್ಕೋ ಮಗಳೇ” ಅಂದ ಅಪ್ಪ.

ನಾನು ದೊಡ್ಡಪ್ಪನ ಭುಜದ ಕೆಳಗೆ ಕೈ ಕೊಟ್ಟೆ. ಅಪ್ಪ ಸೊಂಟದ ಕೆಳಗೆ ಕೊಟ್ಟ. ಇಬ್ಬರೂ ಒಟ್ಟಿಗೆ ಎತ್ತಿ ಅವನನ್ನು ಗೋಡೆಯ ಕಡೆಗೆ ಮಗ್ಗುಲು ತಿರುಗಿಸಿದೆವು. ಬೆನ್ನು ಕೆಂಪಾಗಿತ್ತು. ಒದ್ದೆ ಬಟ್ಟೆಯಿಂದ ಒರೆಸಲು ಶುರು ಮಾಡಿದೆ.